ಸೊಂಟಕ್ಕೆ ಕಟ್ಟಿದ ಮಗ್ಗ

ಲಾಹು ಎಂಬ ಬೆಟ್ಟದ ಸಮುದಾಯದ ಹೆಂಗಸರು ಬಳಸುವ ಸೊಂಟದ ಮಗ್ಗಕ್ಕೆ ಚೌಕಟ್ಟಿಲ್ಲ. ಹಾಸುನೂಲಿನ ಒಂದು ತುದಿಯನ್ನು ಮನೆಯ ಕಂಬಕ್ಕೆ ಕಟ್ಟುತ್ತಾರೆ. ಇನ್ನೊಂದು ತುದಿಯ ಪಟ್ಟಿ ನೇಯುವವಳ ಸೊಂಟವನ್ನು ಬಳಸಿರುತ್ತದೆ. ಆಕೆ ಹಿಂದಕ್ಕೆ ವಾಲಿದರೆ ನೂಲು ಬಿಗಿಯುತ್ತದೆ, ಮುಂದಕ್ಕೆ ಬಾಗಿದರೆ ಸಡಿಲುತ್ತದೆ. ಕೆಲಸ ನಿಂತಾಗ ಇಡೀ ಮಗ್ಗವನ್ನು ಸುತ್ತಿ ಮೂಲೆಗಿಡಬಹುದು. ಕಾಡು ಕಡಿದು, ಸುಟ್ಟು, ಬಿತ್ತಿ, ಮಣ್ಣಿನ ಸಾರ ತೀರಿದಾಗ ಬೇರೆ ಗುಡ್ಡಕ್ಕೆ ಹೊರಡುತ್ತಿದ್ದ ಜನಕ್ಕೆ ಇದು ಹೇಳಿ ಮಾಡಿಸಿದ ಸಾಧನ.

ಲಾಹುಗಳಲ್ಲಿ ಸುಮಾರು 5 ಲಕ್ಷ ಮಂದಿ ಚೀನಾದಲ್ಲಿದ್ದಾರೆ, ಬಹುಪಾಲು ಯುನಾನ್ ಪ್ರಾಂತ್ಯದಲ್ಲಿ. ಉಳಿದವರು ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂಗಳ ಬೆಟ್ಟಗಳಲ್ಲಿ ಹರಡಿದ್ದಾರೆ. ಕಪ್ಪು, ಕೆಂಪು, ಹಳದಿ ಲಾಹು ಎಂಬ ಒಳಪಂಗಡಗಳಿದ್ದು, ಉಡುಪಿನಿಂದಲೇ ಪಂಗಡವನ್ನು ಗುರುತಿಸುವ ರೂಢಿಯಿದೆ.

ಸೊಂಟದ ಮಗ್ಗದಲ್ಲಿ ಅಗಲದ ಬಟ್ಟೆ ಬರುವುದಿಲ್ಲ. ಆ ಮಿತಿಯಿಂದಲೇ ಲಾಹುಗಳ ಹೆಗಲುಚೀಲದ ರೂಪ ಹುಟ್ಟಿದೆ. ಉದ್ದನೆಯ ಒಂದೇ ಪಟ್ಟಿ ಹೆಗಲಿನ ಮೇಲೆ ಹಾದು, ಇಳಿದು, ಚೀಲದ ಎರಡು ಪಕ್ಕಗಳೂ ಆಗುತ್ತದೆ. ಇನ್ನೊಂದು ತುಂಡನ್ನು ಮಡಚಿ ಒಡಲು ಮಾಡಿ ಹೊಲಿದರೆ ಕೆಲಸ ಮುಗಿಯಿತು. ನೇಯ್ದ ಬಟ್ಟೆಯಲ್ಲಿ ವ್ಯರ್ಥವಾಗುವುದು ಬಹಳ ಕಡಿಮೆ. ಕಪ್ಪು ಬಟ್ಟೆಯ ಮೇಲೆ ಬಣ್ಣದ ಸಣ್ಣ ಪಟ್ಟಿ, ತ್ರಿಕೋನಗಳನ್ನು ಒಂದೊಂದಾಗಿ ಹೊಲಿದು ಕೂರಿಸುವ ಕಸೂತಿಗೆ ಮಾತ್ರ ನೇಯ್ಗೆಗಿಂತ ಹೆಚ್ಚು ತಾಳ್ಮೆ ಬೇಕು.

ಬಿದಿರಿನ ಕೆಲಸ ಹೆಚ್ಚಾಗಿ ಗಂಡಸರದು. ಬುಟ್ಟಿ, ಚಾಪೆ, ಅಡ್ಡಬಿಲ್ಲುಗಳ ಜೊತೆಗೆ, ಸೋರೆಬುರುಡೆಗೆ ಐದು ಬಿದಿರುಕೊಳವೆ ಸಿಕ್ಕಿಸಿ ‘ನೊ’ ಎಂಬ ಊದುವಾದ್ಯವನ್ನೂ ಮಾಡುತ್ತಾರೆ. ಆದರೆ ಈ ಹಂಚಿಕೆ ಕಟ್ಟುನಿಟ್ಟಿನದಲ್ಲ. ಯುನಾನಿನ ಲಾಹುಗಳ ನಡುವೆ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಶಾನ್‌ಶಾನ್ ಡು, ಗಂಡಹೆಂಡಿರನ್ನು ಒಂದೇ ಜೋಡಿಯಾಗಿ ಕಾಣುವ, ಮಕ್ಕಳ ಪಾಲನೆಯಲ್ಲೂ ಗಂಡನಿಗೆ ಪಾಲಿರುವ ಅಲ್ಲಿಯ ಬದುಕನ್ನು 2002ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಲಾಹು ಕುಶಲಕರ್ಮವನ್ನು ಒಬ್ಬಳ ಕಸುಬೆನ್ನುವುದಕ್ಕಿಂತ ಮನೆಯ ದುಡಿಮೆ ಎನ್ನುವುದೇ ಸರಿ.

ಹಿಂದೆ ಇವೆಲ್ಲ ಮನೆಬಳಕೆಗೆ; ಥಾಯ್ ಬೆಟ್ಟಗಳಲ್ಲಿ ನಗದು ತರುತ್ತಿದ್ದ ಬೆಳೆ ಅಫೀಮು. 1969ರಲ್ಲಿ ಆರಂಭವಾದ ಥಾಯ್ ದೊರೆಯ ‘ರಾಜಯೋಜನೆ’ ಅಫೀಮಿನ ಜಾಗಕ್ಕೆ ಬೇರೆ ಬೆಳೆಗಳನ್ನು ತಂದಿತು. 1973ರಲ್ಲಿ ಚಿಯಾಂಗ್ ಮಾಯ್‌ನಲ್ಲಿ ಶುರುವಾದ ‘ಥಾಯ್ ಟ್ರೈಬಲ್ ಕ್ರಾಫ್ಟ್ಸ್’ ಬೆಟ್ಟದವರ ನೇಯ್ಗೆ, ಬುಟ್ಟಿಗಳಿಗೆ ಮಾರುಕಟ್ಟೆ ಒದಗಿಸಿತು. 1988ರ ದೋಯ್ ತುಂಗ್ ಯೋಜನೆ ಅಖಾ, ಲಾಹು ಮತ್ತಿತರ ಸಮುದಾಯಗಳಿಗೆ ನೇಯ್ಗೆಯ ಕಾರ್ಯಾಗಾರಗಳನ್ನು ತೆರೆಯಿತು. ಅಲ್ಲಿ ಕೂಲಿ ನಿಯಮಿತ, ನಿಜ. ಆದರೆ ಮನೆಯ ಮಗ್ಗಕ್ಕೆ ಬೇರೆಯದೇ ಅನುಕೂಲವಿದೆ. ಕಳೆ ಕೀಳುವ, ಕುಯ್ಲಿನ ದಿನಗಳಲ್ಲಿ ಅದು ಸುಮ್ಮನಿದ್ದು, ಬಿಡುವಿನಲ್ಲಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಆ ಬಿಡುವಿನ ಗಂಟೆಗಳೂ ದುಡಿಮೆಯೇ. ಚೀಲದ ಬೆಲೆ ಕಟ್ಟುವಾಗ ನೂಲಿನ ಖರ್ಚಿನ ಜೊತೆ ಅವುಗಳನ್ನೂ ಲೆಕ್ಕಕ್ಕೆ ಹಿಡಿದರೆ ಮಾತ್ರ ಮನೆಯಲ್ಲಿ ನೇಯುವವರಿಗೆ ನ್ಯಾಯವಾದ ಕೂಲಿ ದಕ್ಕುತ್ತದೆ.