ಮಗ್ಗ, ಮಳೆ ಮತ್ತು ಒಂದು ಕಂಪ್ಯೂಟರ್

ಪ್ರಾಥಮಿಕ ಶಾಲೆಗೆ ಕಂಪ್ಯೂಟರ್ ಬಂತೆಂದರೆ ಸಾಮಾನ್ಯವಾಗಿ ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ, ವಾರಕ್ಕೊಂದು ಪಿರಿಯಡ್ ನಿಗದಿಯಾಗುತ್ತದೆ. ಮಕ್ಕಳು ಕೀಬೋರ್ಡ್, ಮೌಸ್, ಮಾನಿಟರ್ ಎಂದು ಭಾಗಗಳ ಹೆಸರು ಬಾಯಿಪಾಠ ಮಾಡುತ್ತಾರೆ. ಪಕ್ಕದ ಕೋಣೆಯ ಗಣಿತಕ್ಕಾಗಲಿ ಕನ್ನಡಕ್ಕಾಗಲಿ ಅದರ ಗಾಳಿಯೂ ಸೋಕುವುದಿಲ್ಲ. ಸ್ಮಾರ್ಟ್ ಕ್ಲಾಸ್ ಬಂದಲ್ಲಿ ಪರದೆ ಎಲ್ಲ ವಿಷಯಗಳಿಗೂ ಬಂದಿದೆ, ನಿಜ. ಅಲ್ಲಿಯೂ ಮಕ್ಕಳು ಕೈಕಟ್ಟಿ ಕೂತು ವಿಡಿಯೊ ನೋಡುತ್ತಾರೆ. ಈ ಎರಡು ಬಗೆಯಲ್ಲೂ ಮಗುವಿನ ಕೈಗೆ ಕೆಲಸವಿಲ್ಲ. ಕಂಪ್ಯೂಟರ್ ಎಲ್ಲ ವಿಷಯಗಳ ಒಳಗೂ ಬರಲಿ ಎನ್ನುವವನು ನಾನು. ಆದರೆ ಅದು ಬರಬೇಕಾದದ್ದು ಮಗು ತನ್ನ ಊರನ್ನು ಅಳೆಯುವ, ಬರೆಯುವ, ದಾಖಲಿಸುವ ಉಪಕರಣವಾಗಿ.

ಉದಾಹರಣೆಗೆ ನೇಕಾರರ ಊರು ರಬಕವಿ-ಬನಹಟ್ಟಿಯನ್ನು ನೋಡಿ. ಅಲ್ಲಿನ ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತಲೇ ಮಕ್ಕಳು ದೊಡ್ಡವರಾಗುತ್ತಾರೆ. ಸೀರೆಯ ಮೇಲೆ ಹೂಬಳ್ಳಿ ಮೂಡಿಸುವ ಜಕಾರ್ಡ್ ಯಂತ್ರವನ್ನು ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ್ದು 1804ರ ಸುಮಾರಿಗೆ. ರಂಧ್ರ ಕೊರೆದ ರಟ್ಟುಗಳ ಸರಪಳಿ ಅದರ ಜೀವಾಳ. ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದಲ್ಲಿ ಕೆಳಗೇ ಉಳಿಯುತ್ತದೆ. ಒಂದೊಂದು ರಟ್ಟು ವಿನ್ಯಾಸದ ಒಂದೊಂದು ಸಾಲು. 1830ರ ದಶಕದಲ್ಲಿ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆದೇಶ ಕೊಡಲು ಆರಿಸಿಕೊಂಡದ್ದು ಇಂಥದೇ ರಟ್ಟುಗಳನ್ನು. 1890ರ ಅಮೆರಿಕದ ಜನಗಣತಿಯ ಎಣಿಕೆ ನಡೆದದ್ದೂ ರಂಧ್ರದ ಕಾರ್ಡುಗಳಿಂದಲೇ. ಹೀಗೆ ಕಂಪ್ಯೂಟರಿನ ಇತಿಹಾಸದ ಮೊದಲ ಅಧ್ಯಾಯವನ್ನು ನೇಕಾರರ ಮಕ್ಕಳಿಗೆ ಹೇಳಲು ಪಠ್ಯಪುಸ್ತಕದ ಚಿತ್ರವೂ ಬೇಕಿಲ್ಲ.

ಐದನೆಯ ತರಗತಿಯ ಮಕ್ಕಳು ಚೌಕುಳಿ ಹಾಳೆಯ ಮೇಲೆ ಸೀರೆಯ ಅಂಚಿನ ಒಂದು ಬುಟ್ಟಾ ಬರೆಯಲಿ. ತುಂಬಿದ ಚೌಕಕ್ಕೆ 1, ಖಾಲಿ ಚೌಕಕ್ಕೆ 0. ಅದನ್ನೇ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ತುಂಬಿ ಬಣ್ಣ ಹಚ್ಚಲಿ. ಎಂಟು ಎಳೆಗೊಮ್ಮೆ ಮರಳುವ ಬುಟ್ಟಾ 96 ಎಳೆಗಳಲ್ಲಿ ಎಷ್ಟು ಸಲ ಬರುತ್ತದೆ? ನೂರು ಎಳೆಗಳಿದ್ದರೆ ಕೊನೆಯಲ್ಲಿ ಏನಾಗುತ್ತದೆ? ಭಾಗಾಕಾರ, ಶೇಷ, ಸಮಮಿತಿ, ಚಿತ್ರಕಲೆ, ಚರಿತ್ರೆ ಎಲ್ಲವೂ ಒಂದೇ ಪಾಠದಲ್ಲಿ ಬರುತ್ತವೆ. ಉತ್ತರ ಸರಿಯೇ ಎಂದು ಮಗು ಮನೆಗೆ ಹೋಗಿ ಮಗ್ಗದ ಮುಂದೆ ಕೂತ ಅಪ್ಪನನ್ನೇ ಕೇಳಬಹುದು. ಶಾಲೆಯ ವಿದ್ಯೆಗೆ ತನ್ನ ಅಪ್ಪನೂ ಒಬ್ಬ ಬಲ್ಲವ ಎಂದು ಮಗುವಿಗೆ ಗೊತ್ತಾಗುವುದನ್ನು ನಾನು ತುಂಬ ದೊಡ್ಡ ಲಾಭವೆಂದು ಎಣಿಸುತ್ತೇನೆ.

ಕೃಷ್ಣೆಯ ಕಡೆ ಬನ್ನಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ಉಕ್ಕಿ ಜಮಖಂಡಿ, ಮುಧೋಳ ಸೀಮೆಯ ಹಳ್ಳಿಗಳಿಗೆ ನುಗ್ಗಿದವು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಈ ಬಯಲುನಾಡಿಗೆ ಅಷ್ಟು ನೀರು ಎಲ್ಲಿಂದ ಬಂತು? ಕತ್ತರಿಸಿದ ಬಾಟಲಿಯ ಮಳೆಮಾಪಕವನ್ನು ಅಂಗಳದಲ್ಲಿಟ್ಟು ಮಕ್ಕಳು ದಿನವೂ ಅಳೆಯಲಿ. ಅದರ ಪಕ್ಕದಲ್ಲೇ ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಮಳೆಯ ಅಂಕಿಗಳನ್ನೂ ಬರೆದು, ಎರಡಕ್ಕೂ ನಕ್ಷೆ ಎಳೆಯಲಿ. ಅಲ್ಲಿ ವರ್ಷಕ್ಕೆ 5000 ಮಿಲಿಮೀಟರ್ ದಾಟುತ್ತದೆ. ಒಂದು ಗೆರೆ ನೆಲಕ್ಕಂಟಿ, ಇನ್ನೊಂದು ಗೋಪುರದಂತೆ ಏರಿದ್ದನ್ನು ಕಂಡ ಮಗುವಿಗೆ ‘ಜಲಾನಯನ ಪ್ರದೇಶ’ ಬಾಯಿಪಾಠದ ಪದವಾಗಿ ಉಳಿಯುವುದಿಲ್ಲ. ಬೀಳಗಿಯ ಮಕ್ಕಳು 1984ರಿಂದೀಚಿನ ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದು ನೋಡಿದರೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹೊಲ, ಊರುಗಳ ಮೇಲೆ ಹರಡಿದ್ದು ಕಾಣುತ್ತದೆ. ಅಜ್ಜಿಯ ಊರು ಎಲ್ಲಿತ್ತು ಎಂದು ಅಜ್ಜಿಯನ್ನೇ ಕೂರಿಸಿಕೊಂಡು ಗುರುತು ಹಾಕುವುದು ಭೂಗೋಳದ ಪಾಠವೂ ಹೌದು, ಅದಕ್ಕಿಂತ ಹೆಚ್ಚಿನದೂ ಹೌದು.

ಜಮಖಂಡಿಯ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅಲ್ಲಿ ದುಡಿದ ಹಿರಿಯರ ಮಾತನ್ನು ಮಕ್ಕಳು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಕೇಳಿ ಕೇಳಿ ಕನ್ನಡದಲ್ಲಿ ಟೈಪ್ ಮಾಡಲಿ. ಇಲ್ಲಿ ನನಗೊಂದು ಹಟವಿದೆ: ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ರೂಢಿಗೆ ಬೀಳಬಾರದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ‘ಬನಹಟ್ಟಿ’ಯ ‘ಟ್ಟಿ’ ಬರೆಯಲು ಟ ಒತ್ತಿ, ಅದರ ಸ್ವರ ಕಳಚುವ ಕೀಲಿ ಒತ್ತಿ, ಮತ್ತೊಂದು ಟ ಒತ್ತಿ, ಗುಡಿಸು ಕೊಡಬೇಕು. ಒತ್ತಕ್ಷರ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ಬೆರಳಿಗೇ ತಿಳಿಯುತ್ತದೆ.

ಯಂತ್ರ ಹಂಚಿದರೆ ಕಲಿಕೆ ಬಂದೀತೆಂಬ ನಂಬಿಕೆ ಜಗತ್ತಿನಲ್ಲೆಲ್ಲ ಪೆಟ್ಟು ತಿಂದಿದೆ. ಪೆರು ದೇಶ ಲಕ್ಷಾಂತರ ಲ್ಯಾಪ್‌ಟಾಪ್ ಹಂಚಿತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿದ್ದು ಕಾಣಲಿಲ್ಲವೆಂದು 2012ರ ಮೌಲ್ಯಮಾಪನ ಹೇಳಿತು. ನಮ್ಮಲ್ಲೇ ಅಜೀಂ ಪ್ರೇಮ್‌ಜಿ ಫೌಂಡೇಶನ್ 2000ದ ದಶಕದ ಆರಂಭದಲ್ಲಿ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕಾ ಕೇಂದ್ರಗಳನ್ನು ನಡೆಸಿ, ಮುಂದೆ ಅದನ್ನು ಬಿಟ್ಟು ಶಿಕ್ಷಕರನ್ನು ಬೆಳೆಸುವ ಕಡೆ ಹೊರಳಿತು. ವಡೋದರಾದ ಅನುಭವ ಬೇರೆ. ಅಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ವಾರಕ್ಕೆ ಎರಡು ತಾಸು ಗಣಿತದ ಆಟವಾಡಿದಾಗ ಅಂಕಗಳು ಏರಿದವು. ಆದರೆ ಕಾರ್ಯಕ್ರಮ ನಿಂತ ಮೇಲೆ ಆ ಲಾಭದ ಬಹುಪಾಲು ಕರಗಿತು. ಇದರಿಂದ ನನಗೆ ತೋರುವುದು ಇಷ್ಟು: ಮಗು ಯಂತ್ರದ ಮುಂದೆ ಏನು ಮಾಡುತ್ತದೆ, ಆ ಕೆಲಸ ಪಾಠದೊಳಗೆ ಬೇರೂರಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಒಂದರಿಂದ ಮೂರನೆಯ ತರಗತಿವರೆಗೆ ಮಾತ್ರ ಪರದೆ ಬೇಡವೆಂದೇ ನನ್ನ ಅಭಿಪ್ರಾಯ. ಅಲ್ಲಿ ನಲಿ-ಕಲಿಯ ಕಾರ್ಡು, ಮಣ್ಣು, ಸ್ಲೇಟು, ಹಾಡು ಸಾಕು. ನಾಲ್ಕನೆಯದರಿಂದ ಮುಂದೆ ಶಾಲೆಗೆ ಒಂದೇ ಕಂಪ್ಯೂಟರ್ ಇದ್ದರೂ ನಡೆಯುತ್ತದೆ. ಐದು ಮಕ್ಕಳು ಸುತ್ತ ಕೂತು ವಾದ ಮಾಡುತ್ತ ಒಂದು ನಕ್ಷೆ ಎಳೆದರೆ, ಒಬ್ಬೊಬ್ಬರಿಗೆ ಒಂದೊಂದು ಟ್ಯಾಬ್ ಕೊಟ್ಟದ್ದಕ್ಕಿಂತ ಹೆಚ್ಚು ಮಾತು, ಹೆಚ್ಚು ಯೋಚನೆ ಹುಟ್ಟುತ್ತದೆ. ದುರಸ್ತಿ ಮತ್ತು ಬ್ಯಾಟರಿಯ ಖರ್ಚನ್ನು ಖರೀದಿಯ ದಿನವೇ ಬಜೆಟ್ಟಿಗೆ ಸೇರಿಸಬೇಕು. ಇಲ್ಲದಿದ್ದರೆ ಮೊದಲು ಕೆಟ್ಟ ದಿನವೇ ಅದರ ಕೊನೆಯ ದಿನ.

ಇನ್ನು ಶಿಕ್ಷಕರು. ತರಬೇತಿಯೆಂದರೆ ತಂತ್ರಾಂಶದ ಗುಂಡಿಗಳ ಪರಿಚಯ ಎಂಬಷ್ಟಕ್ಕೆ ನಿಲ್ಲಬಾರದು. ಸಮೂಹ ಸಂಪನ್ಮೂಲ ಕೇಂದ್ರದ ಸಭೆಯಲ್ಲಿ ಪ್ರತಿ ಶಾಲೆಯೂ ತನ್ನ ಮಕ್ಕಳು ಮಾಡಿದ ಒಂದು ಕೆಲಸವನ್ನು ತೋರಿಸಿ, ಹೇಗೆ ಮಾಡಿಸಿದೆವೆಂದು ಹೇಳಲಿ. ಬನಹಟ್ಟಿಯ ಶಾಲೆ ಅಂಚಿನ ವಿನ್ಯಾಸವನ್ನು ಬೀಳಗಿಗೆ ಕಳಿಸಲಿ, ಬೀಳಗಿಯ ಶಾಲೆ ಹಿನ್ನೀರಿನ ನಕ್ಷೆಯನ್ನು ಬನಹಟ್ಟಿಗೆ ಕಳಿಸಲಿ. ಮುಧೋಳದ ಮಕ್ಕಳು ಘಟಪ್ರಭೆಯ ಮಟ್ಟವನ್ನೂ ಜಮಖಂಡಿಯವರು ಕೃಷ್ಣೆಯ ಮಟ್ಟವನ್ನೂ ಒಂದೇ ಕೋಷ್ಟಕದಲ್ಲಿ ತುಂಬುತ್ತ ಹೋಗಲಿ. ಈ ಮಳೆಗಾಲದಲ್ಲೇ ಶುರುಮಾಡಬಹುದು.