ಪಾದ ಒಳಗೆ ತಿರುಗಿದರೆ ತಾಯಿಯ ತಪ್ಪೇ?

ಮಗು ಹೆಜ್ಜೆ ಇಡೋಕೆ ಶುರು ಮಾಡಿದ ಖುಷಿ ಮುಗಿಯುವ ಮುಂಚೆಯೇ ಮನೆಯಲ್ಲಿ ಯಾರೋ ಒಬ್ಬರು ‘ಇದರ ಕಾಲು ನೋಡ್ರಿ, ಒಳಗ ತಿರುಗ್ಯಾವ’ ಅಂದುಬಿಡುತ್ತಾರೆ. ಆಮೇಲೆ ಬೈಗುಳವೆಲ್ಲ ತಾಯಿಗೆ. ಗ್ರಹಣದಾಗ ಹೊರಗ ಬಂದಿದ್ದಿ, ಸದಾ ಬಗಲಾಗ ಎತ್ಕೊಂಡು ತಿರುಗಿದಿ... ನಮ್ಮ ಜೇವರ್ಗಿ ಕಡೆ ಹೆಣ್ಣುಕೂಸಾದರಂತೂ ಮದುವೆಯ ಚಿಂತೆಯೂ ಅಲ್ಲೇ ಶುರು. ಈ ಆರೋಪಗಳಿಗೆ ಆಧಾರವೇ ಇಲ್ಲ ಗೆಳತಿಯರೇ.

ಮಗು ನಿಮ್ಮ ಕಡೆಗೆ ನಡೆದು ಬರುವಾಗ ಮೊಣಕಾಲಿನ ಚಿಪ್ಪು ಗಮನಿಸಿ. ಚಿಪ್ಪು ನೇರವಾಗಿದ್ದು ಪಾದ ಮಾತ್ರ ಒಳಗಿದ್ದರೆ, ತಿರುವು ಮೊಣಕಾಲ ಕೆಳಗಿನ ಎಲುಬಿನಲ್ಲೋ ಪಾದದಲ್ಲೋ ಇದೆ. ಹೊಟ್ಟೆಯೊಳಗೆ ಮಡಚಿಕೊಂಡು ಮಲಗಿದ್ದರ ಗುರುತು ಅದು. ಸಾಮಾನ್ಯವಾಗಿ ಶಾಲೆ ಸೇರುವ ಹೊತ್ತಿಗೆ ತಾನೇ ಸರಿಹೋಗುತ್ತದೆ. ಚಿಪ್ಪೂ ಒಳಗೆ ತಿರುಗಿದ್ದರೆ ಅದು ತೊಡೆ ಎಲುಬಿನ ತಿರುವು. ಹುಟ್ಟುವಾಗ ಆ ಎಲುಬು ಸುಮಾರು 40 ಡಿಗ್ರಿ ತಿರುಚಿರುತ್ತದೆ, ದೊಡ್ಡವರಾಗುವಷ್ಟರಲ್ಲಿ 15ರ ಆಸುಪಾಸಿಗೆ ಇಳಿಯುತ್ತದೆ. ಕೆಲವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಇದಕ್ಕೆ 8-10 ವರ್ಷ ಹಿಡಿಯಬಹುದು. ಎರಡೂ ಕಾಲನ್ನು ಹಿಂದೆ ಅಕ್ಕಪಕ್ಕಕ್ಕೆ ಚೆಲ್ಲಿ ಕೂರುವವರು ಹೆಚ್ಚಾಗಿ ಇಂಥ ಮಕ್ಕಳೇ. ಹಾಗೆ ಕೂತೇ ಕಾಲು ತಿರುಗಿತು ಅಂತ ಬೈತೇವೆ. ಎಲುಬು ಹಾಗಿರುವುದಕ್ಕೇ ಅವಕ್ಕೆ ಹಾಗೆ ಕೂತರೆ ಆರಾಮ!

ಆಗತಾನೇ ನಡೆಯುವ ಕೂಸಿನ ಪಾದ ಹೊರಗೆ ತಿರುಗಿರುವುದೂ ಸಹಜವೇ.

ಇನ್ನು ಬಗಲಲ್ಲಿ ಎತ್ತಿಕೊಳ್ಳುವುದು. ಕಾಲು ಅಗಲಿಸಿ ಕೂತರೆ ಕೂಸಿನ ಸೊಂಟದ ಕೀಲಿಗೆ ಒಳ್ಳೆಯದೇ. ಕಾಲು ನೇರ ಮಾಡಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದೇ ಕೆಟ್ಟದ್ದು. ಎಣ್ಣೆ ಹಚ್ಚಿ, ಆದರೆ ಕಾಲು ತಿರುವಿ ಎಳೆಯಬೇಡಿ. ಕಾಲು ನೇರ ಮಾಡುತ್ತವೆಂದು ಮಾರುವ ವಿಶೇಷ ಬೂಟುಗಳಿಂದ ಈ ತಿರುವು ಬೇಗ ಹೋಗುವುದಿಲ್ಲ. ಆ ದುಡ್ಡಿಗೆ ಹಾಲು, ಮೊಟ್ಟೆ ತನ್ನಿ.

ಹಾಗಂತ ಎಲ್ಲವನ್ನೂ ‘ತಾನೇ ಹೋಗ್ತದ ಬಿಡು’ ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ಒಂದೇ ಕಾಲು ತಿರುಗಿದ್ದರೆ, ಕುಂಟಿದರೆ, ನೋವಿದ್ದರೆ, ವರ್ಷದಿಂದ ವರ್ಷಕ್ಕೆ ಹೆಚ್ಚಾದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಹತ್ತು ಹದಿನಾಲ್ಕರ ಮಗು, ಅದರಲ್ಲೂ ಮೈತೂಕ ಹೆಚ್ಚಿದ್ದರೆ, ತೊಡೆ ಅಥವಾ ಮೊಣಕಾಲು ನೋವೆಂದು ಪಾದ ಹೊರಗೆ ಹಾಕಿ ಕುಂಟಿದರೆ ಅಂದೇ ಕರೆದೊಯ್ಯಿರಿ. ಸೊಂಟದ ಕೀಲಲ್ಲಿ ಎಲುಬು ಜಾರಿರಬಹುದು. ಹುಟ್ಟಿದಾಗಲೇ ಪಾದ ಒಳಗೆ ಮಡಚಿ, ಕೈಯಿಂದ ನೇರ ಮಾಡಲು ಬಾರದಷ್ಟು ಗಟ್ಟಿಯಿದ್ದರೆ ಅದೇ ಸೊಟ್ಟಪಾದ. ಮೊದಲ ವಾರಗಳಲ್ಲೇ ಪ್ಲಾಸ್ಟರ್ ಶುರುವಾದರೆ ಬಹುತೇಕ ಮಕ್ಕಳು ಎಲ್ಲರಂತೆ ಓಡಾಡುತ್ತಾರೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ತಪಾಸಣೆಗೆ ಬರುತ್ತದೆ; ಸೊಟ್ಟಪಾದ, ಸೊಂಟದ ಕೀಲಿನ ದೋಷ ಎರಡೂ ಅವರ ಪಟ್ಟಿಯಲ್ಲಿವೆ. ಅಂದು ಕೂಸನ್ನು ಮನೇಲಿ ಉಳಿಸಿಕೊಳ್ಳಬೇಡಿ. ಆಸ್ಪತ್ರೆಗೆ ಹೋಗುವಾಗ ಮಗುವಿನ ನಡಿಗೆಯನ್ನು ಮೊಬೈಲಲ್ಲಿ ಹಿಡಿದು ಒಯ್ಯಿರಿ. ಡಾಕ್ಟರ್ ಮುಂದೆ ಅವು ನಡೆಯೋದೇ ಇಲ್ಲ, ಸೆರಗು ಹಿಡ್ಕೊಂಡು ನಿಂತುಬಿಡ್ತಾವೆ.