ಲಾರಿಯೂ ಒಂದು ಮನೆಯೇ, ಸ್ವಾಮಿ!

ವ್ಯಾನಿನೊಳಗೆ ಮಂಚ, ಬೀರು, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಮೇಲೆ ಸೋಲಾರ್ ಫಲಕ. ಬಾಡಿಗೆ ಮನೆ ಬಿಟ್ಟು ಇಂಥ ಬಂಡಿಯಲ್ಲೇ ವರ್ಷವಿಡೀ ಊರೂರು ತಿರುಗುವವರ ಚಿತ್ರಗಳನ್ನು ಬಸ್ಸಿನಲ್ಲಿ ಕೂತವರು ಮೊಬೈಲಿನಲ್ಲಿ ನೋಡಿ, 'ಇದ್ದರೆ ಹಿಂಗಿರಬೇಕು ನೋಡ್ರಿ' ಅನ್ನುತ್ತಾರೆ. ಅದೇ ಬಸ್ಸು ದಾವಣಗೆರೆ ದಾಟಿ ಹೈವೇ ಹಿಡಿದಾಗ ಕಿಟಕಿಯಾಚೆ ಲಾರಿಗಳು ನಿಂತಿರುತ್ತವೆ. ಅವೂ ಮನೆಗಳೇ. ಆದರೆ ಆ ಮನೆ ನೋಡಿ ಹೊಟ್ಟೆಕಿಚ್ಚು ಪಡುವವರು ಯಾರೂ ಇಲ್ಲ.

ದಿಲ್ಲಿಯಿಂದ ಮುಂಬಯಿ, ಪುಣೆ, ಬೆಂಗಳೂರು ದಾಟಿ ಚೆನ್ನೈ ಮುಟ್ಟುವ 48ನೇ ನಂಬರಿನ ಹೆದ್ದಾರಿ ಇದು. ಹಳಬರ ಬಾಯಲ್ಲಿ ಇನ್ನೂ ಪಿ.ಬಿ. ರೋಡು. ಇಲ್ಲಿಂದ ಮೆಕ್ಕೆಜೋಳ, ಅಕ್ಕಿ ಹೇರಿಕೊಂಡು ಹೊರಟ ಡ್ರೈವರು ಮುಂಬಯಿ ಸೇರಲು 700 ಕಿ.ಮೀ. ಓಡಿಸಬೇಕು. ಅಲ್ಲಿ ವಾಪಸು ಲೋಡು ಸಿಗುವ ತನಕ ಕಾಯಬೇಕು. ಹೆಂಡತಿ ಮಕ್ಕಳ ಮುಖ ಕಾಣುವುದು ವಾರವಾದರೂ ಆದ ಮೇಲೆಯೇ. ಅಷ್ಟು ದಿನವೂ ಉಣ್ಣೋದು, ಮಲಗೋದು, ಬಟ್ಟೆ ಒಣಗಿಸೋದು ಎಲ್ಲಾ ಲಾರಿಯಲ್ಲೇ.

ಈ ಮನೆಯ ಸಾಮಾನು ಎಷ್ಟು? ಸೀಟಿನ ಹಿಂದೆ ಒಂದು ಹಲಗೆ, ಅದೇ ಮಂಚ. ಒಬ್ಬ ಮಲಗಿದರೆ ಇನ್ನೊಬ್ಬ ಮೇಲೆ ಟಾರ್ಪಾಲಿನ ಮೇಲೋ ಕೆಳಗೆ ನೆಲದ ಮೇಲೋ. ಪಕ್ಕದ ಟೂಲ್ ಬಾಕ್ಸಿನಲ್ಲಿ ಜಾಕಿ, ಸ್ಪ್ಯಾನರುಗಳ ಜೊತೆಗೇ ಅಕ್ಕಿ, ಬೇಳೆ, ಈರುಳ್ಳಿ, ಒಂದು ಪಾತ್ರೆ. 20 ಲೀಟರಿನ ಒಂದು ಕ್ಯಾನು; ಕುಡಿಯಲು, ಅಡುಗೆಗೆ ಅದರಲ್ಲೇ. ಸ್ನಾನ ದೇವರಿಚ್ಛೆ.

ಇದನ್ನು ನೆಟ್ಟಗೆ ಮಾಡಿಕೊಡುವುದು ಬ್ರಹ್ಮವಿದ್ಯೆಯೇನಲ್ಲ. ಬಾಡಿ ಕೆಳಗೆ ಚಾಸಿಗೆ 100 ಲೀಟರಿನ ಒಂದು ಟ್ಯಾಂಕು ಕಟ್ಟಿ ನಲ್ಲಿ ಇಟ್ಟರೆ ಇಬ್ಬರಿಗೆ ಸ್ನಾನಕ್ಕೂ ಆಯಿತು. ತುಂಬಿದರೂ ಒಂದು ಕ್ವಿಂಟಲು ತೂಕ; ಟನ್ನುಗಟ್ಟಲೆ ಹೊರುವ ಗಾಡಿಗೆ ಅದೇನು ಭಾರ? ಗ್ಯಾಸಿನ ವಿಷಯ ಮಾತ್ರ ಹುಡುಗಾಟವಲ್ಲ. ಐದು ಕೆ.ಜಿ.ಯ ಸಣ್ಣ ಸಿಲಿಂಡರನ್ನು ಮಳೆಗಾಲದಲ್ಲಿ ಕ್ಯಾಬಿನ್ನಿನೊಳಗೇ ಇಟ್ಟು ಬೇಯಿಸುವವರಿದ್ದಾರೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ಕಾಲಡಿಯಲ್ಲಿ ಮಡುಗಟ್ಟುತ್ತದೆ, ಒಂದು ಬೀಡಿ ಕಡ್ಡಿ ಸಾಕು. ಸಿಲಿಂಡರಿಗೆ ಹೊರಗಡೆ ಗಾಳಿಯಾಡುವ ಪೆಟ್ಟಿಗೆ ಬೇಕು, ಒಲೆ ಉರಿಯುವುದು ನೆಲದ ಮೇಲೆಯೇ ಆಗಬೇಕು. ರಾತ್ರಿಯ ದೀಪ, ಫ್ಯಾನು, ಮೊಬೈಲಿಗೆ ಬೇರೆ ಸಣ್ಣ ಬ್ಯಾಟರಿ ಇರಲಿ. ಇಲ್ಲದಿದ್ದರೆ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಗಾಡಿ ಮಿಸುಕುವುದಿಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ ಎನ್ನುವವರುಂಟು. ನಿಜ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಒಳ್ಳೆಯ ಕೆಲಸವೇ. ಆದರೆ ಅದು ಹೊಸ ಲಾರಿಗೆ. ಹಳೆಯ ಲಾರಿಯವನು ಬೇಯುವುದು ಬೇಯುತ್ತಲೇ ಇರುತ್ತಾನೆ. ಅಲ್ಲದೆ ಇಂಜಿನ್ನಿನಿಂದ ಓಡುವ ಎ.ಸಿ. ತಂಪು ಕೊಡುವುದು ಇಂಜಿನ್ ಓಡುತ್ತಿರುವಾಗ. ನಿಲ್ಲಿಸಿ ಮಲಗಿದವನಿಗೆ ಏನು? ಇಂಜಿನ್ ಓಡಿಸಿಕೊಂಡೇ ಮಲಗಿದರೆ ಮಾಲೀಕನ ಡೀಸೆಲ್ ಖರ್ಚು, ಹೊಗೆ ಒಳಗೆ ಸೇರಿದರೆ ಪ್ರಾಣಕ್ಕೇ ಕುತ್ತು.

ಕಾಯಿದೆಯ ಕಥೆ ಇನ್ನೂ ಸ್ವಾರಸ್ಯ. 1961ರಲ್ಲೇ ಮೋಟಾರು ಸಾರಿಗೆ ನೌಕರರ ಕಾಯಿದೆ ಬಂತು. ದಿನಕ್ಕೆ ಎಂಟು ಗಂಟೆ ಕೆಲಸ, ವಾರಕ್ಕೊಂದು ರಜಾ, ರಾತ್ರಿ ತಂಗುವಲ್ಲಿ ಮಾಲೀಕನೇ ವಿಶ್ರಾಂತಿ ಕೋಣೆ ಕೊಡಬೇಕು ಎಂದಿತು. ಆದರೆ ಐದು ನೌಕರರಾದರೂ ಇರುವ ಸಂಸ್ಥೆಗೆ ಮಾತ್ರ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅಲ್ಲಿ ಲೆಕ್ಕ ಹತ್ತು ನೌಕರರು! ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕನ ಹತ್ತಿರ ಡ್ರೈವರು, ಕ್ಲೀನರು ಸೇರಿ ನಾಲ್ಕು ಜನ ಇದ್ದರೆ ಹೆಚ್ಚು. ಅಂದಮೇಲೆ ಎಂಟು ಗಂಟೆಯ ಮಾತು ಯಾರಿಗೆ? ಮಾಲೀಕನನ್ನೇ ಬೈದು ಫಲವಿಲ್ಲ. ಸಾಲದ ಕಂತು, ಟೈರು, ಡೀಸೆಲು ಅವನ ಕುತ್ತಿಗೆಯ ಮೇಲೂ ಕೂತಿವೆ. ಹಾಗಾಗಿ ನಿಲ್ಲುವ ಜಾಗ, ನೀರು, ಕಕ್ಕಸು ಇವು ಊರಿನ ಜವಾಬ್ದಾರಿ.

ಅಂಗಡಿಯವರ ದೂರೂ ಸುಳ್ಳಲ್ಲ. ರಾತ್ರಿ ಅಂಗಡಿ ಮುಂದೆ ಲಾರಿ ನಿಲ್ಲಿಸ್ತಾರೆ, ಗೋಡೆ ಗಲೀಜು ಮಾಡ್ತಾರೆ, ಬೆಳಿಗ್ಗೆ ಬಾಗಿಲು ತೆಗೆಯೋಕೆ ಜಾಗ ಇರಲ್ಲ ಅನ್ನುತ್ತಾರೆ. ಆದರೆ ಬೇರೆ ಕಡೆ ಏನು ಇಟ್ಟಿದ್ದೇವೆ ಅಂತ ಅವನು ಅಲ್ಲಿಗೆ ಹೋಗಬೇಕು? ಅಂಗಡಿಯ ಸೋಪು, ಎಣ್ಣೆ, ಬಿಸ್ಕತ್ತು ಆಕಾಶದಿಂದ ಉದುರಿದ್ದಲ್ಲ. ಬಸ್ಸಿನವರಿಗೂ ಇದರಲ್ಲಿ ಪಾಲಿದೆ. ಹೆದ್ದಾರಿ ಅಂಚಿನಲ್ಲಿ ಲೈಟು ಆರಿಸಿ ನಿಂತ ಲಾರಿಗೆ ಹಿಂದಿನಿಂದ ಬಸ್ಸು ಗುದ್ದಿತೆಂಬ ಸುದ್ದಿ ಯಾರೂ ಓದದ್ದಲ್ಲ. ನಿದ್ದೆಗೆಟ್ಟ ಡ್ರೈವರಿನ ಎದುರಿಗೆ ಬರುವುದೂ ಅದೇ ಬಸ್ಸು.

ತೈಲ ಕಂಪನಿಗಳು ಪೆಟ್ರೋಲ್ ಬಂಕುಗಳಲ್ಲಿ 'ಅಪ್ನಾ ಘರ್' ಎಂಬ ತಂಗುಮನೆ ಕಟ್ಟಿಸಿವೆ. ಮಂಚ, ಸ್ನಾನದ ಜಾಗ, ಕುಡಿಯುವ ನೀರು, ಸ್ವಂತ ಅಡುಗೆಗೆ ಕಟ್ಟೆ. 2025ರ ಜುಲೈ ಹೊತ್ತಿಗೆ ದೇಶದಲ್ಲಿ ಮುನ್ನೂರಕ್ಕೂ ಮಿಕ್ಕಿ. ಇಷ್ಟು ದೊಡ್ಡ ದೇಶಕ್ಕೆ ಅದು ಆನೆಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೂ ಆಗುತ್ತದೆ ಎಂಬುದಕ್ಕೆ ಸಾಕ್ಷಿ.

ಪುರಪಿತೃಗಳು ಅರಮನೆ ಕಟ್ಟಬೇಕಾಗಿಲ್ಲ. ಲಾರಿ ನಿಲ್ಲುವ ಕಡೆ ನಾಲ್ಕು ನಲ್ಲಿ, ಎಂಟು ಕಕ್ಕಸು, ಒಂದು ಅಡುಗೆ ಕಟ್ಟೆ, ರಾತ್ರಿಯಿಡೀ ಉರಿಯುವ ದೀಪ, ಡೀಸೆಲ್ ಕಳ್ಳರಿಗೆ ಹೆದರಿಕೆಯಾಗುವಂತೆ ಒಬ್ಬ ಕಾವಲುಗಾರ. ಎ.ಪಿ.ಎಂ.ಸಿ., ಪಾಲಿಕೆ, ವರ್ತಕರು ಒಂದು ದಿನ ಮೇಜಿನ ಮುಂದೆ ಕೂತರೆ ಆಗಿಹೋಗುವ ಕೆಲಸ. ರಾತ್ರಿಗೊಂದಿಷ್ಟು ಬಾಡಿಗೆ ಕೇಳಿದರೆ ಡ್ರೈವರು ಬೇಡವೆನ್ನಲಾರ. ಅವನಿಗೆ ಬೇಕಾದ್ದು ಆರು ಗಂಟೆ ನೆಮ್ಮದಿಯ ನಿದ್ದೆ. ಅದು ಸಿಕ್ಕರೆ ಮರುದಿನ ಬೆಳಿಗ್ಗೆ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಕೂತವರೂ ನೆಮ್ಮದಿಯಿಂದ ತೂಕಡಿಸಬಹುದು.